ಹಲ್ಲಿನ ನಡುವೆ ಬೇವಿನ ಕಡ್ಡಿ

ಹೊಳೆಯ ತಳದಿಂದ ಮೂರನೆಯ ಸಲ ಮೇಲೆದ್ದಾಗ ಮೋನೇಶನ ಎರಡೂ ಕಿವಿ ಕಟ್ಟಿಹೋಗಿದ್ದವು.

ಕಾಳಪ್ಪಜ್ಜನ ಆಶ್ರಮದಲ್ಲಿ ಗಂಟೆ ಹೊಯ್ಯುವುದೇ ಪೂಜೆ. ಅಲ್ಲೊಂದು ನೇಮವಿತ್ತು. ಗಂಟೆ ಹೊಯ್ದವನು ಅಚ್ಚು ಒಡೆದ ಮೇಲೆ ಅದರ ಮಣ್ಣನ್ನು ಹೊತ್ತು ತಂದು, ಹೊಳೆಯಲ್ಲಿ ಮುಳುಗಿ, ತಳದಲ್ಲಿ ಇಟ್ಟು ಬರಬೇಕು. ಎಲ್ಲಿಂದ ತಂದ ಮಣ್ಣೋ ಅಲ್ಲಿಗೇ. ಮೂರು ಬುಟ್ಟಿ, ಮೂರು ಮುಳುಗು.

ಮೋನೇಶನಿಗೆ ನಾಲ್ಕು ದಿನದಿಂದ ನೆಗಡಿಯಿತ್ತು. ಎರಡು ದಿನ ತಡೆದು ಮುಳುಗಿದ್ದರೆ ಯಾರೂ ಬೇಡ ಎನ್ನುತ್ತಿರಲಿಲ್ಲ. ಆದರೆ ತಡೆಯುವುದು ಅವನ ಜಾಯಮಾನದಲ್ಲೇ ಇರಲಿಲ್ಲ. ಗಂಜಿ ಆರುವ ತನಕ ಕಾಯದೆ ದಿನಾ ನಾಲಿಗೆ ಸುಟ್ಟುಕೊಳ್ಳುವ ಆಸಾಮಿ ಅವನು.

ಅದೂ ಅಲ್ಲದೆ ಇದು ಅವನ ಗಂಟೆ. ಒಂಬತ್ತು ವರ್ಷ ತಿದಿ ಒತ್ತಿ, ಇದ್ದಿಲು ಹೊತ್ತು, ಮಣ್ಣು ತುಳಿದ ಮೇಲೆ ಸಿಕ್ಕ ಮೊದಲ ಗಂಟೆ.

"ಇದು ಪೂರಾ ನಿಂದು. ನಾ ಕೈ ಹಚ್ಚಂಗಿಲ್ಲ. ದನಿ ಹೊಳಿ ಆ ದಂಡಿ ಮುಟ್ಟಿದ್ರ ನನ್ನ ಅರ ನಿನಗ," ಎಂದಿದ್ದ ಅಜ್ಜ.

ಅರ ಎಂದರೆ ಗಂಟೆಯ ಅಂಚನ್ನು ಉಜ್ಜಿ ದನಿ ತಿದ್ದುವ ಉಕ್ಕಿನ ಹತ್ಯಾರ. ಅಜ್ಜನಿಗೆ ಅದು ಅವನ ಗುರುವಿನಿಂದ ಬಂದದ್ದು. ಅದು ಕೈಗೆ ಬಂತೆಂದರೆ ಶಿಷ್ಯತ್ವ ಮುಗಿಯಿತು, ಅವನೂ ಒಬ್ಬ ಗುರು. ಗಂಟೆ ತಿದ್ದುವಷ್ಟು ದಿನ ಬಳಸಲೆಂದು ಅಜ್ಜ ಅದನ್ನು ಮೋನೇಶನಿಗೆ ಕೊಟ್ಟಿದ್ದ. ಮೋನೇಶ ಅದನ್ನು ತಲೆದಿಂಬಿನ ಕೆಳಗೆ ಇಟ್ಟುಕೊಂಡು ಮಲಗುತ್ತಿದ್ದ.

ಈಗ ನೋಡಿದರೆ ಕಿವಿಯೇ ಇಲ್ಲ.

ಒದ್ದೆ ಧೋತರದಲ್ಲೇ ನಿಂತು ಅವನು ಒಂಟಿ ಕಾಲಲ್ಲಿ ಕುಣಿದ. ತಲೆ ವಾಲಿಸಿ ಬಲಗಿವಿ ಬಡಿದ, ಎಡಗಿವಿ ಬಡಿದ. ಮೂಗು ಹಿಡಿದು ಬಲವಾಗಿ ಊದಿದ. ಕಿವಿಯೊಳಗೆ ಚುರ್ ಎಂದಿತೇ ಹೊರತು ತೆರೆಯಲಿಲ್ಲ. ತನ್ನ ಉಸಿರು ತನಗೇ ತಿದಿಯ ಹಾಗೆ ಕೇಳುತ್ತಿತ್ತು, ಹೊಳೆಯ ಸದ್ದು ಮಾತ್ರ ಎಲ್ಲೋ ದೂರ ಹೋಗಿಬಿಟ್ಟಿತ್ತು.

ಅಜ್ಜನಿಗೆ ಹೇಳಿದರೆ ಗಂಟೆ ಬೇರೆಯವರ ಪಾಲಾಗುತ್ತದೆ ಎಂದು ಅವನಿಗೆ ದಿಗಿಲಾಯಿತು. ಹೇಳಲಿಲ್ಲ.

ಗಂಟೆಯನ್ನು ಮರದ ತೊಲೆಗೆ ತೂಗಿಬಿಟ್ಟಿದ್ದರು. ಮೋನೇಶ ಅದರ ಮುಂದೆ ನಿಂತು, ಬಾಯಿಗೊಂದು ಬೇವಿನ ಕಡ್ಡಿ ಇಟ್ಟುಕೊಂಡ.

ಈ ಕಡ್ಡಿಯ ಸಂಗತಿ ಹೇಳಬೇಕು. ಕಾಳಪ್ಪಜ್ಜನ ಬಾಯಲ್ಲಿ ಗೇಣುದ್ದದ ಬೇವಿನ ಕಡ್ಡಿ ಸದಾ ಇರುತ್ತಿತ್ತು. ಅದನ್ನು ಹಲ್ಲಿನಲ್ಲಿ ಕಚ್ಚಿಕೊಂಡು, ಕಣ್ಣು ಮುಚ್ಚಿ, ಮುಖವನ್ನು ಗಂಟೆಗೆ ತೀರಾ ಹತ್ತಿರ ಒಯ್ದು ಅವನು ದನಿ ನೋಡುತ್ತಿದ್ದ. ಶಿಷ್ಯರೆಲ್ಲರೂ ಅದನ್ನು ಕಲಿತಿದ್ದರು. ಸಂತೆಯಲ್ಲಿ ಯಾರಾದರೂ ಕಡ್ಡಿ ಕಚ್ಚಿಕೊಂಡು ಗತ್ತಿನಿಂದ ನಡೆದರೆ, ಇವ ಕಾಳಪ್ಪಜ್ಜನ ಶಿಷ್ಯ ಎಂದು ಜನ ದಾರಿ ಬಿಡುತ್ತಿದ್ದರು. ಆ ಗತ್ತಿನಲ್ಲಿ ಮೋನೇಶನನ್ನು ಮೀರಿಸಿದವರಿರಲಿಲ್ಲ.

ಅವನು ಕೊಡತಿಯಿಂದ ಗಂಟೆಯನ್ನು ಬಡಿದ.

ಒದ್ದೆ ಗೋಣಿಚೀಲ ಬಡಿದ ಹಾಗಾಯಿತು.

ಒಂಬತ್ತು ವರ್ಷಕ್ಕೆ ಸಿಕ್ಕ ಗಂಟೆ ಮೊದ್ದು! ಕಿವಿ ಕಟ್ಟಿದೆ ಎಂಬುದು ಅವನಿಗೆ ಮರೆತಿರಲಿಲ್ಲ. ಆದರೂ ಇಷ್ಟು ಮೊದ್ದು ಕೇಳುವುದಕ್ಕೆ ಕಿವಿಯೊಂದೇ ಕಾರಣವಿರಲಾರದು ಎಂದು ಅವನ ಮನಸ್ಸು ಹಟ ಹಿಡಿಯಿತು.

ಅರ ತೆಗೆದುಕೊಂಡು ಅಂಚನ್ನು ಮೂರು ಸಲ ಉಜ್ಜಿದ. ದಿನಕ್ಕೆ ಮೂರೇ ಉಜ್ಜು, ಅದು ಅಜ್ಜನ ಕಟ್ಟಪ್ಪಣೆ. ಉಜ್ಜಿ ತೆಗೆದ ಕಂಚನ್ನು ಮತ್ತೆ ಅಂಟಿಸಲಾಗುವುದಿಲ್ಲ.

ಮತ್ತೆ ಬಡಿದ. ಅದೇ ಗೋಣಿಚೀಲ.

ಆಶ್ರಮದ ಅಡುಗೆಯ ಸಂಕವ್ವ ಅವನನ್ನು ಹಿತ್ತಲಲ್ಲಿ ಹಿಡಿದಳು. ಅವನು ಆಗ ಕೋಳಿಪುಕ್ಕ ಹುಡುಕುತ್ತಿದ್ದ.

"ಏನೋ, ಕಿವಿ ಕಟ್ಟ್ಯಾವೇನು?"

"ಏನಂದಿ?"

"ಕಿವಿ! ಕಿವಿ!"

"ಯಾಕ ಒದರ್ತೀ? ಅಜ್ಜಾರಿಗೆ ಕೇಳಸ್ತೈತಿ."

ಸಂಕವ್ವ ಅವನನ್ನು ವಿಚಿತ್ರವಾಗಿ ನೋಡಿದಳು. ಆಮೇಲೆ ಕೈಯಲ್ಲಿದ್ದ ಪುಕ್ಕ ಕಸಿದು ಎಸೆದಳು.

"ಕಿವ್ಯಾಗ ಏನೂ ಹಾಕಬ್ಯಾಡ. ಅದು ನೆಗಡಿ ಕಟ್ಟಿದ್ದು. ಒಳಗಿಂದ ಕಟ್ಟಿದ್ದು ಒಳಗಿಂದನ ಬಿಡಬೇಕು. ಉಪ್ಪುನೀರು ಮುಕ್ಕಳಿಸು. ದೊಡ್ಡಪತ್ರಿ ಹಾಕಿ ನೀರು ಕಾಸಿ ಕೊಡ್ತೀನಿ, ಆವಿ ತಗೋ. ಉಗುಳು ನುಂಗ್ಕೋಂತ, ಆಕಳಿಸ್ಕೋಂತ ಸುಮ್ಮನ ಕುಂದ್ರು. ಮೂರು ನಾಕು ದಿನಕ್ಕ ತಾನ ಬಿಡ್ತಾವ."

"ಮೂರು ನಾಕು ದಿನ ಎಲ್ಲಿಂದ ತರ್ಲಿ?"

ಅವಳು ಗಡಿಗೆ ತಂದಿಟ್ಟು, ತಲೆಯ ಮೇಲೆ ಕಂಬಳಿ ಹೊದಿಸಿದಳು. ಮೋನೇಶ ಇಪ್ಪತ್ತು ಎಣಿಸುವಷ್ಟು ಹೊತ್ತು ಆವಿ ಎಳೆದುಕೊಂಡ. ಕಂಬಳಿ ಎತ್ತಿ ಕಿವಿ ಪರೀಕ್ಷಿಸಿದ. ಮತ್ತೆ ಹತ್ತು ಎಣಿಸಿದ, ಮತ್ತೆ ಎತ್ತಿದ. ಮೂರನೆಯ ಸಲಕ್ಕೆ ಎದ್ದೇ ಬಿಟ್ಟ.

"ಆಕಳಿಕೆ ಬಂತಾ?" ಎಂದಳು ಸಂಕವ್ವ.

"ಬರವಲ್ದು."

"ನಿನಗ ಹ್ಯಾಂಗ ಬಂದೀತು? ಅದು ಸುಮ್ಮನ ಕೂತಾವ್ರಿಗೆ ಬರೋದು."

"ಅಜ್ಜಾರಿಗೆ ಹೇಳಬ್ಯಾಡ, ಯವ್ವಾ. ನಿನ್ನ ಕಾಲಿಗೆ ಬೀಳ್ತೀನಿ."

ಅವಳು ಅದಕ್ಕೇನೋ ಉತ್ತರ ಕೊಟ್ಟಳು. ಅವನು ಅಷ್ಟರಲ್ಲಿ ಬೆನ್ನು ತಿರುಗಿಸಿ ಹೊರಟಿದ್ದ, ಕೇಳಿಸಲಿಲ್ಲ.

ಎರಡನೆಯ ದಿನ ಬಡಿದರೆ ದನಿ ಇನ್ನೂ ಮೊದ್ದಾಗಿತ್ತು. ಮತ್ತೆ ಮೂರು ಉಜ್ಜಿದ. ಅಜ್ಜ ದೂರದಲ್ಲಿ ಮೇಣದ ಅಚ್ಚು ಮಾಡುತ್ತ ಕೂತಿದ್ದ, ತಲೆ ಎತ್ತಲಿಲ್ಲ.

ಆ ಬೆಳಿಗ್ಗೆಯೇ ಅಂಬಿಗರ ಹುಲಿಗೆವ್ವ ಬಂದಳು. ಹೊಳೆಯಲ್ಲಿ ಹರಗೋಲು ಹಾಕಿ ಜನರನ್ನು ದಾಟಿಸುವವಳು ಅವಳು. ಅವಳ ಮುಖ ಬಿಳಚಿಕೊಂಡಿತ್ತು. ಅಜ್ಜನ ಮುಂದೆ ನೆಲಕ್ಕೆ ಎರಡು ಸಲ ಕಾಲು ಬಡಿದಳು. ಅಜ್ಜ ತಲೆ ಎತ್ತಿ ನೋಡಿದ.

ಸಂಕವ್ವನೂ ಹೀಗೇ ಮಾಡುತ್ತಿದ್ದಳು. ಈ ಹೆಂಗಸರಿಗೆ ಗುರು ಎಂಬ ಭಯವೇ ಇಲ್ಲ ಎಂದು ಮೋನೇಶನಿಗೆ ಒಂಬತ್ತು ವರ್ಷದಿಂದ ಸಿಟ್ಟು. ಅವನಾದರೆ ಅಜ್ಜನ ಹಿಂದೆ ಕೈಕಟ್ಟಿ ನಿಂತು, ಮೆಲುದನಿಯಲ್ಲಿ ಪ್ರಶ್ನೆ ಕೇಳುತ್ತಿದ್ದ. ಹಿಂದಿನಿಂದ ಕೇಳಿದ ಯಾವ ಪ್ರಶ್ನೆಗೂ ಅಜ್ಜ ಉತ್ತರ ಕೊಟ್ಟಿರಲಿಲ್ಲ. ಗುರುಗಳ ಮೌನವೇ ಉತ್ತರ ಎಂದು ಮೋನೇಶ ಅರ್ಥ ಮಾಡಿಕೊಂಡಿದ್ದ. ಹೊಸ ಶಿಷ್ಯರಿಗೂ ಅದನ್ನೇ ಬೋಧಿಸಿದ್ದ.

"ಮಂಜು ಸುರುವಾತ್ರೀ ಅಜ್ಜಾರ," ಎಂದಳು ಹುಲಿಗೆವ್ವ. "ನಿನ್ನೆ ಮುಂಜಾನೆ ಹರಗೋಲು ದಿಕ್ಕು ತಪ್ಪಿ ಬಂಡೆಗೋಳ ಕಡೆ ಹೋಗಿತ್ತು. ಏಳು ಮಂದಿ ಇದ್ರು. ಹುಟ್ಟು ಬಂಡೆಗೆ ತಾಗಿ ಉಳಕೊಂಡ್ವಿ. ಹಳೀ ಗಂಟಿ ಸೀಳಿದಾಗಿಂದ ನಮಗ ದಂಡಿ ಯಾವ ಕಡೆ ಅಂತ ತಿಳೀವಲ್ದು. ಹೊಸಾದು ಯಾವಾಗ ಕಟ್ತೀರಿ?"

ಅಜ್ಜ ಮೋನೇಶನ ಕಡೆ ನೋಡಿದ. "ಗಂಟಿ ಅವಂದು. ಅವನ್ನ ಕೇಳು."

"ನಾಡಿದ್ದು," ಎಂದ ಮೋನೇಶ. ಅವನ ದನಿ ಅವನ ತಲೆಯೊಳಗೇ ಗುಂಯ್ಗುಟ್ಟಿತು.

ಮೂರನೆಯ ದಿನ ಅವನಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ, ಕೂತಲ್ಲಿ ಕೂರಲಾಗಲಿಲ್ಲ. ಗಂಟೆಯನ್ನು ಬಡಿಯುವುದು, ಗೋಡೆಯ ತನಕ ಹೋಗುವುದು, ಬರುವುದು, ಮತ್ತೆ ಬಡಿಯುವುದು. ಏಳು ಮಂದಿ ಕಣ್ಣ ಮುಂದೆ ಬರುತ್ತಿದ್ದರು. ತನ್ನ ಗಂಟೆಯ ದನಿ ನಡುಹೊಳೆಗೂ ಮುಟ್ಟದೆ ಮಂಜಿನಲ್ಲಿ ಸತ್ತುಹೋಗುವುದನ್ನು ನೆನೆದು ಅವನು ದಿಗಿಲುಬಿದ್ದು ಮತ್ತೆ ಕೊಡತಿ ಎತ್ತುತ್ತಿದ್ದ. ಅದರ ಜೊತೆಗೇ, ಅರ ಕೈತಪ್ಪುತ್ತದಲ್ಲಾ ಎಂಬ ಸಂಕಟವೂ ಇತ್ತು. ಅದನ್ನು ಅವನು ಒಪ್ಪಿಕೊಳ್ಳುತ್ತಿರಲಿಲ್ಲ.

ಮೂರು ಸಲ ಉಜ್ಜಿದ.

ದನಿ ಏಳಲಿಲ್ಲ.

ನಾಲ್ಕನೆಯದು ಉಜ್ಜಿದ. ಐದನೆಯದು. ನೇಮ ಮುರಿಯಿತೆಂದು ಗೊತ್ತಿತ್ತು, ಆದರೂ ನಿಲ್ಲಲಿಲ್ಲ. ಆರನೆಯದಕ್ಕೆ ಅರ ಜಾರಿ ಕೈ ಗಾಯವಾಯಿತು.

ಆಗ ಅವನ ಸಿಟ್ಟೆಲ್ಲ ಕಿವಿಯ ಮೇಲೆ ತಿರುಗಿತು. ಅಚ್ಚಿನ ಮೇಣ ಕೊರೆಯುವ ತಾಮ್ರದ ತಂತಿಯೊಂದು ಅಲ್ಲೇ ಬಿದ್ದಿತ್ತು. ಅದನ್ನು ಎತ್ತಿಕೊಂಡು, ಹಲ್ಲು ಕಚ್ಚಿ, ಕಿವಿಯ ಹತ್ತಿರ ತಂದ.

ಯಾರೋ ಅವನ ಮಣಿಕಟ್ಟು ಹಿಡಿದರು. ಎಲುಬು ನೋಯುವಷ್ಟು ಬಿಗಿಯಾದ ಹಿಡಿತ.

ಕಾಳಪ್ಪಜ್ಜ ತಂತಿಯನ್ನು ಕಸಿದುಕೊಂಡು, ನಾಲ್ಕು ಮಡಿಕೆ ಮಡಿಸಿ, ಕುಲುಮೆಯ ಬೆಂಕಿಗೆ ಎಸೆದ. ಆಶ್ರಮದಲ್ಲಿ ಅವನಿಗೆ ಸಿಟ್ಟು ಬಂದದ್ದನ್ನು ಯಾರೂ ಕಂಡಿರಲಿಲ್ಲ. ಮೋನೇಶ ಅಂದು ಕಂಡ.

"ಗಂಟಿ ಕೆಟ್ರ ಕರಗಿಸಿ ಮತ್ತ ಹೊಯ್ತೀನಿ," ಎಂದ ಅಜ್ಜ, ಒಂದೊಂದೇ ಮಾತನ್ನು ಬಿಡಿಸಿ. "ಕಿವಿ ಕೆಟ್ರ ಏನು ಕರಗಿಸ್ಲಿ?"

ಮೋನೇಶ ಅವನ ಕಾಲಿಗೆ ಬಿದ್ದು ಮುಖ ಎತ್ತಿದ.

"ತಪ್ಪಾತ್ರೀ. ಕಿವಿ ಕಟ್ಟಿ ಮೂರು ದಿನ ಆತು."

"ಗೊತ್ತೈತಿ."

"ಸಂಕವ್ವ ಹೇಳಿದಳೇನ್ರಿ?"

"ನೀನ ಹೇಳಿದಿ. ಮೂರು ದಿನದಿಂದ ನಾ ಮಾತಾಡುವಾಗ ನನ್ನ ತುಟಿ ನೋಡಾಕತ್ತೀ. ಕಿವಿ ಕೇಳಾವ್ರು ತುಟಿ ನೋಡಂಗಿಲ್ಲ."

ಮೋನೇಶ ಆಗಲೂ ಅವನ ತುಟಿಯನ್ನೇ ನೋಡುತ್ತಿದ್ದ. ನೋಡುತ್ತ ನೋಡುತ್ತ ಅವನಿಗೆ ಬೇರೆಯೇ ಒಂದು ಸಂಗತಿ ಹೊಳೆಯಿತು. ಅಜ್ಜನ ಕಣ್ಣು ತನ್ನ ತುಟಿಯ ಮೇಲಿತ್ತು. ಒಂಬತ್ತು ವರ್ಷದಿಂದಲೂ ಅದು ಅಲ್ಲೇ ಇತ್ತು. ಗುರುಗಳು ಒಳಮನಸ್ಸನ್ನು ಓದುತ್ತಾರೆ ಎಂದುಕೊಂಡು ಅವನು ಹೆದರುತ್ತಿದ್ದ.

"ಅಜ್ಜಾರ... ನಿಮಗ..."

"ಹೂಂ. ಇಪ್ಪತ್ತೆರಡು ವರ್ಷ ಆತು."

"ಯಾರಿಗೂ ಗೊತ್ತಿಲ್ಲೇನ್ರಿ?"

"ಎಲ್ಲಾರಿಗೂ ಗೊತ್ತೈತಿ. ಸಂಕವ್ವಗ, ಹುಲಿಗೆವ್ವಗ, ಹಾಲು ತರೋ ಮುದುಕಗ. ಅದಕ್ಕ ನೆಲಕ್ಕ ಕಾಲು ಬಡೀತಾರ, ನನಗ ಅಂಗಾಲಿಗೆ ತಿಳೀತೈತಿ. ನಿನಗೂ ನೀ ಬಂದ ದಿನಾನ ಹೇಳಿದ್ದೆ. ನೀ ಆಗ ಕುಲುಮಿ ನೋಡಾಕ ಓಡಿ ಹೋಗ್ತಿದ್ದಿ."

ಮೋನೇಶನಿಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು. ಹಿಂದೆ ನಿಂತು ಕೇಳಿದ ನೂರಾರು ಪ್ರಶ್ನೆ, ಆ ಮೌನಕ್ಕೆ ತಾನು ಹುಡುಕಿದ ನೂರಾರು ಅರ್ಥ, ಎಲ್ಲ ಒಟ್ಟಿಗೆ ನೆನಪಾದವು.

"ಹಂಗಾರ ಇಷ್ಟು ವರ್ಷ ಗಂಟಿ ದನಿ ಹ್ಯಾಂಗ ತಿದ್ದಿದ್ರಿ?"

ಅಜ್ಜ ಒಂದು ಬೇವಿನ ಕಡ್ಡಿಯನ್ನು ಅವನ ಹಲ್ಲಿನ ನಡುವೆ ಕಚ್ಚಿಸಿದ. ಮೋನೇಶನ ತಲೆಯನ್ನು ಎರಡು ಕೈಯಲ್ಲಿ ಹಿಡಿದು ಗಂಟೆಯ ಹತ್ತಿರ ಒಯ್ದ. ಕಡ್ಡಿಯ ತುದಿ ಗಂಟೆಯ ಅಂಚಿಗೆ ತಾಗುವ ತನಕ ಒಯ್ದ. ಆಮೇಲೆ ಕೊಡತಿ ಎತ್ತಿ ಬಡಿದ.

ಮೋನೇಶನ ತಲೆಬುರುಡೆ ತುಂಬ ದನಿ ತುಂಬಿಕೊಂಡಿತು.

ಹಲ್ಲಿನಿಂದ ದವಡೆಗೆ, ದವಡೆಯಿಂದ ನೆತ್ತಿಗೆ ಏರಿತು. ತುಂಬು ದನಿ, ಉದ್ದ ದನಿ. ಎಷ್ಟು ಹೊತ್ತಾದರೂ ಇಳಿಯಲೊಲ್ಲದು. ಕೊನೆಯಲ್ಲಿ ಮಾತ್ರ ಒಂದಿಷ್ಟು ನಡುಗಿತು. ತಾನು ಉಜ್ಜಿ ತೆಳ್ಳಗೆ ಮಾಡಿದ ಜಾಗ ಅದು ಎಂದು ಅವನಿಗೆ ಆ ಕ್ಷಣವೇ ತಿಳಿಯಿತು.

ಅವನು ಅಲ್ಲೇ ಕುಸಿದು ಕೂತು ಅತ್ತುಬಿಟ್ಟ.

"ಗಂಟಿ ಚೊಲೋ ಇತ್ರಿ. ನಾನ ಕೆಡಿಸಿದೆ."

"ಪೂರಾ ಕೆಟ್ಟಿಲ್ಲ. ಅರ ಕೆಳಗಿಡು."

ಅವನು ಅರವನ್ನು ಕೆಳಗಿಟ್ಟ.

"ಅಜ್ಜಾರ, ಈ ಕಡ್ಡೀನ ನಾ ಒಂಬತ್ತು ವರ್ಷ ಕಚ್ಚೀನಿ. ಒಮ್ಮೆನೂ ಗಂಟಿಗೆ ತಾಗಿಸಿಲ್ಲ. ನೀವರ ಯಾಕ ಹೇಳಲಿಲ್ಲ?"

"ನಿಮಗೆಲ್ಲಾ ಕಿವಿ ಇದ್ದವು. ಕಡ್ಡಿ ಯಾಕ ಕಚ್ಚೀರಿ ಅಂತ ನನಗೂ ತಿಳೀಲಿಲ್ಲ," ಎಂದ ಅಜ್ಜ. "ಹಲ್ಲು ತಿಕ್ಕಾಕಿರಬೇಕು ಅಂದುಕೊಂಡೆ."

ಅಳುತ್ತಿದ್ದ ಮೋನೇಶನಿಗೆ ನಗು ಬಂತು. ನಗು ಇಳಿದ ಮೇಲೆ ಅವನು ಕೇಳಿದ. ಈ ಸಲ ಎದುರು ಕೂತು ಕೇಳಿದ.

"ನಿಮ್ಮ ಕಿವಿ ಹ್ಯಾಂಗ ಹೋದ್ವು?"

"ನಿನ್ನ ಹಂಗ ನೆಗಡಿ ಬಂದಿತ್ತು. ನಿನ್ನ ಹಂಗ ಅವಸರ ಇತ್ತು." ಅಜ್ಜ ಕುಲುಮೆಯ ಕಡೆ ನೋಡಿದ. "ಕೈಯಾಗ ತಂತಿ ಇತ್ತು. ಹಿಡಿಯಾವ್ರು ಇರಲಿಲ್ಲ. ಮೊದಲು ಒಂದು ಕಿವಿ ಸೋರಿತು, ಆಮ್ಯಾಲೆ ಎರಡೂ. ಈಗ ಕಡ್ಡಿ ತಾಗಿರೋತನಕ ಗಂಟಿ ಕೇಳಸ್ತೈತಿ. ಒಂದು ಬೆರಳು ಹಿಂದಕ್ಕ ಸರಿದ್ರ ಏನೂ ಇಲ್ಲ."

ಅಂದು ಉಳಿದ ಹೊತ್ತೆಲ್ಲ ಮೋನೇಶನಿಗೆ ಒಂದೇ ಕೆಲಸ. ಮೂರು ಸಲ ಕಂಬಳಿಯೊಳಗೆ ಆವಿ, ಆಮೇಲೆ ಹೊಳೆಯ ಮೆಟ್ಟಿಲ ಮೇಲೆ ಸುಮ್ಮನೆ ಕೂರುವುದು. ಅವನಿಗೆ ಅದು ಇದ್ದಿಲು ಹೊರುವುದಕ್ಕಿಂತ ಕಷ್ಟವಾಯಿತು. ಮಂಡಿ ಅಲ್ಲಾಡಿಸಿದ. ಕಲ್ಲು ಎಣಿಸಿದ. ಮೂಗು ಹಿಡಿಯಲು ಕೈ ಏಳುವಾಗಲೆಲ್ಲ ಸಂಕವ್ವ ಅಡುಗೆಮನೆಯ ಬಾಗಿಲಿನಿಂದ ಸೌಟು ತೋರಿಸಿದಳು. ಕಿವಿಯೇನೂ ಬಿಡಲಿಲ್ಲ.

ಮಾತು ಕೊಟ್ಟಿದ್ದ ಬೆಳಿಗ್ಗೆ ಗಂಟೆಯನ್ನು ಕಟ್ಟೆಯ ಮೇಲಿನ ಕಂಬಕ್ಕೆ ಏರಿಸಿದರು. ಮಂಜು ಎಷ್ಟು ದಟ್ಟವಾಗಿತ್ತೆಂದರೆ ಮೂರನೆಯ ಮೆಟ್ಟಿಲು ಕಾಣುತ್ತಿರಲಿಲ್ಲ.

"ಆ ದಂಡಿಗೆ ಹೋಗು. ನೀ ಮುಟ್ಟೋ ಹೊತ್ತಿಗೆ ನಾ ಬಡೀತೀನಿ, ಕೇಳು," ಎಂದ ಅಜ್ಜ.

"ನನ್ನ ಕಿವಿ ಇನ್ನೂ ಬಿಟ್ಟಿಲ್ರಿ. ಬ್ಯಾರೆ ಯಾರನ್ನರ ಕಳಸ್ರಿ."

"ಗಂಟಿ ನಿಂದು."

ಹುಲಿಗೆವ್ವ ಬಂಡೆಗಳಿಂದ ಆದಷ್ಟು ಮೇಲಕ್ಕೆ ಹರಗೋಲನ್ನು ಒಯ್ದು, ಅಂದಾಜಿನ ಮೇಲೆ ಹುಟ್ಟು ಹಾಕಿದಳು. ಹರಗೋಲು ಮೆಲ್ಲಗೆ ತಿರುಗುತ್ತ ಸಾಗಿತು. ನೋಡಲು ಏನೂ ಇರಲಿಲ್ಲ, ಕೇಳಲು ಏನೂ ಇರಲಿಲ್ಲ, ಎದ್ದು ಓಡಾಡಲು ಜಾಗವೂ ಇರಲಿಲ್ಲ. ಉಜ್ಜುವುದೂ ಇಲ್ಲ, ಬಡಿಯುವುದೂ ಇಲ್ಲ. ಮೋನೇಶ ಮಂಡಿಯ ಮೇಲೆ ಗದ್ದ ಊರಿ ಕೂತ. ಅವನಿಗೆ ಗೊತ್ತಿಲ್ಲದ ಹಾಗೆ ಬಾಯಿ ತೆರೆಯಿತು. ದವಡೆ ಕಳಚುವಂಥ, ಕಣ್ಣಲ್ಲಿ ನೀರು ಬರುವಂಥ ಆಕಳಿಕೆ.

ಟಪ್ ಎಂದಿತು.

ಮೊದಲು ಹುಟ್ಟಿನಿಂದ ಹನಿ ಬೀಳುವುದು ಕೇಳಿಸಿತು. ಆಮೇಲೆ ಹರಗೋಲಿನ ಚರ್ಮದ ಕೆಳಗೆ ನೀರು ಸರಿಯುವುದು, ಹುಲಿಗೆವ್ವನ ಉಸಿರು, ಎಲ್ಲೋ ಒಂದು ಹಕ್ಕಿ. ಇನ್ನೊಂದು ಆಕಳಿಕೆಗೆ ಇನ್ನೊಂದು ಕಿವಿಯೂ ಬಿಟ್ಟಿತು. ಮೋನೇಶ ಕೂಗಲಿಲ್ಲ, ಕುಣಿಯಲಿಲ್ಲ. ಆ ಸದ್ದುಗಳನ್ನು ಕೇಳುತ್ತ ಹಾಗೇ ಕೂತ.

ಆಚೆ ದಂಡೆಯಲ್ಲಿ ಇಳಿದು ಬಹಳ ಹೊತ್ತು ನಿಂತ. ಆಗ ಗಂಟೆ ಬಂತು.

"ಕೇಳಸ್ತಾ?" ಎಂದಳು ಹುಲಿಗೆವ್ವ. ಅವಳ ಮುಖದಲ್ಲಿ ನಾಲ್ಕು ದಿನದ ಹೆದರಿಕೆ ಇಳಿದುಹೋಗಿತ್ತು. "ದಂಡಿ ಅಲ್ಲೈತಿ ನೋಡು, ಅಲ್ಲಿ!"

ಹಿಂದಕ್ಕೆ ಬರುವಾಗ ಅವಳು ಒಮ್ಮೆಯೂ ದಿಕ್ಕು ಹುಡುಕಲಿಲ್ಲ, ಗಂಟೆಯ ದನಿಗೆ ಮುಖ ಮಾಡಿ ನೇರ ಹುಟ್ಟು ಹಾಕಿದಳು. ಹರಗೋಲು ಕಟ್ಟೆಗೆ ತಾಗುವ ಮೊದಲೇ ಮೋನೇಶ ನೀರಿಗೆ ಹಾರಿ ಮೆಟ್ಟಿಲು ಹತ್ತಿ ಓಡಿದ.

"ಅಜ್ಜಾರ! ಮುಟ್ಟಿತ್ರೀ! ಆ ದಂಡಿ ಮುಟ್ಟಿತು!"

ಕಾಳಪ್ಪಜ್ಜ ಬೆನ್ನು ಮಾಡಿ ನಿಂತು ಗಂಟೆಯ ಹಗ್ಗ ಕಟ್ಟುತ್ತಿದ್ದ. ತಿರುಗಲಿಲ್ಲ.

ಮೋನೇಶ ನಿಂತ. ನಿಂತು ಉಸಿರು ಸುಧಾರಿಸಿಕೊಂಡ. ಆಮೇಲೆ ಹತ್ತಿರ ಹೋಗಿ ಕಲ್ಲಿನ ಮೇಲೆ ಎರಡು ಸಲ ಕಾಲು ಬಡಿದ.

ಅಜ್ಜ ತಿರುಗಿದ. ಅವನ ಪಕ್ಕದ ಮೆಟ್ಟಿಲ ಮೇಲೆ ಕೆಂಪು ಬಟ್ಟೆಯಲ್ಲಿ ಸುತ್ತಿದ ಅರ ಇತ್ತು. ಮೋನೇಶ ಅದನ್ನು ಕಂಡ. ಕೈ ಚಾಚಲಿಲ್ಲ.

"ಮುಟ್ಟಿತಾ?"

"ಮುಟ್ಟಿತ್ರಿ. ಚೊಲೋ ಐತಿ."

ಅಜ್ಜ ಕೈ ಆಡಿಸಿದ. "ಹುಲಿಗೆವ್ವನೂ ಹಂಗ ಅಂತಾಳ. ಅವರಪ್ಪನೂ ಹಂಗ ಅಂತಿದ್ದ. ಯಾವ ಗಂಟಿ ಕೇಳಿದ್ರೂ ಅಷ್ಟ. ಚೊಲೋ ಐತಿ."

ಮೋನೇಶ ಒಂದು ಮೆಟ್ಟಿಲು ಕೆಳಗೆ ಇಳಿದು, ತನ್ನ ಮುಖಕ್ಕೆ ಬೆಳಕು ಬೀಳುವ ಹಾಗೆ ಕೂತ.

"ಮೊದಲು ಏನೂ ಇರಲಿಲ್ರಿ, ಬರೇ ಮಂಜು. ಆಮ್ಯಾಲೆ ನೀರಿನ ಮ್ಯಾಲೆ ಹಾದು ಬಂತು, ಕಿವಿಗಿಂತ ಮೊದಲ ಎದಿಗೆ ಬಂತು, ಬಂದು ನಿಂತ್ಕೊಂಡ್ತು, ಕೊನೀಗೆ ಒಂದೀಟು ನಡಗಿತು, ಅದು ನಾ ಉಜ್ಜಿದ್ದಕ್ಕ..."

ಅಜ್ಜ ಬಗ್ಗಿ ಅವನ ಗದ್ದ ಹಿಡಿದು ಮುಖವನ್ನು ಮೇಲೆತ್ತಿದ.

"ಸಾವಕಾಶ ಹೇಳು. ಇಪ್ಪತ್ತೆರಡು ವರ್ಷ ಆತು, ನನ್ನ ಒಂದು ಗಂಟಿನೂ ನಾ ಆ ದಂಡಿಯಿಂದ ಕೇಳಿಲ್ಲ."